ದೊಡ್ಡಮ್ಮನ ಏಣಿ

ಫೆಬ್ರವರಿ ೩, ಸೋಮವಾರ

ಸಿಟ್ಟು ಇನ್ನೂ ಇಳಿದಿಲ್ಲ. ಬರೆದರೆ ಇಳಿದೀತೇನೋ.

ನನ್ನ ಬಳಿ ಸಂಶೋಧನೆ ಮಾಡುತ್ತಿರುವ ಹುಡುಗಿ ಬೆಳಿಗ್ಗೆ ನನ್ನ ಕೋಣೆಗೆ ಬಂದಳು. ಮೆಟ್ಟಿಲ ಮೇಲೆ ನಡೆಯದೆ ಕುಪ್ಪಳಿಸುತ್ತಾಳೆಂದು ನಾನೇ ಅವಳಿಗೆ ಗುಬ್ಬಿ ಎಂದು ಹೆಸರಿಟ್ಟದ್ದು. ಬಂದವಳು ಬಾಗಿಲು ಮುಂದೆ ಮಾಡಿ, ಎರಡು ಕೈಯಲ್ಲೂ ಲ್ಯಾಪ್‌ಟಾಪ್ ತಬ್ಬಿಕೊಂಡು ನಿಂತು, "ಮೇಡಂ, ಏಣಿ ಕಾಣಿಸ್ತಿಲ್ಲ" ಅಂದಳು.

"ಕಾಣಿಸ್ತಿಲ್ಲ ಅಂದ್ರೆ?"

"ಅಂದ್ರೆ... ಇಲ್ಲ ಮೇಡಂ."

ಕುರ್ಚಿಯಿಂದ ಎದ್ದವಳಿಗೆ ಯಾಕೆ ಎದ್ದೆನೆಂದು ಗೊತ್ತಾಗಲಿಲ್ಲ. ಕಿಟಕಿ ತೆರೆದೆ. ಚಳಿಗೆ ಮತ್ತೆ ಮುಚ್ಚಿದೆ.

ಸಿಟ್ಟಿನಲ್ಲಿ ತಲೆ ಓಡುವುದಿಲ್ಲ. ಮೊದಲಿನಿಂದ ಬರೆದುಕೊಳ್ಳುತ್ತೇನೆ, ನನಗೇ ನೆಟ್ಟಗೆ ಕಾಣಲಿ. ಆಕಾಶದಲ್ಲಿ ಒಂದು ಅನಿಲದ ಮೋಡ. ಅದರ ಅಂಚಿನಲ್ಲಿ ಒಂದು ದೈತ್ಯ ನಕ್ಷತ್ರ, ಮೂವತ್ತು ಸೂರ್ಯರನ್ನು ಸೇರಿಸಿ ಒಂದೇ ಉಂಡೆ ಕಟ್ಟಿದಷ್ಟು ದೊಡ್ಡದು. ಅದಕ್ಕೆ ನಾನು ದೊಡ್ಡಮ್ಮ ಎಂದು ಹೆಸರಿಟ್ಟು ಇಪ್ಪತ್ತು ವರ್ಷದ ಮೇಲಾಯಿತು. ದೊಡ್ಡಮ್ಮನ ಮೈಯಿಂದ ಹೊರಡುವ ನೇರಳಾತೀತ ಬೆಳಕು ಮೋಡದ ಅಂಚನ್ನು ಕಾಯಿಸುತ್ತದೆ. ಕಾದ ಅನಿಲ ಹಿಗ್ಗಿ ಒಳಗಿನ ತಣ್ಣನೆಯ ಅನಿಲವನ್ನು ಒತ್ತುತ್ತದೆ. ಒತ್ತಿದ ಕಡೆ ಅನಿಲ ಗಟ್ಟಿಯಾಗಿ ಹೊಸ ನಕ್ಷತ್ರ ಹುಟ್ಟುತ್ತದೆ. ಒತ್ತಡ ಒಳಕ್ಕೆ ಸರಿದಂತೆಲ್ಲ ಒಂದಾದ ಮೇಲೊಂದು ಮರಿ. ಹಾಗಾಗಿ ದೊಡ್ಡಮ್ಮನ ಹತ್ತಿರದವು ಹಿರಿಯವು, ದೂರದವು ಕಿರಿಯವು. ಇದೇ ನನ್ನ ಏಣಿ. ಇದನ್ನು ಕಂಡವಳು ನಾನು. ಸಂಸ್ಥೆಯ ಬಾಗಿಲು ದಾಟಿದರೆ ಎದುರು ಗೋಡೆಯ ತುಂಬ ಇದರದೇ ಚಿತ್ರ. ದೊಡ್ಡಮ್ಮನ ಪಕ್ಕ ಹಳದಿ ಚುಕ್ಕೆಗಳು, ಆಮೇಲೆ ಕಿತ್ತಳೆ, ತುದಿಯಲ್ಲಿ ಕಡುಗೆಂಪು. ನಮ್ಮ ಮನೆಯವರು ಅದನ್ನು ಕರೆಯುವುದೇ "ನಿನ್ನ ಕುಟುಂಬದ ಫೋಟೋ" ಎಂದು.

ಇದೇ ಇಪ್ಪತ್ತೇಳಕ್ಕೆ ನಮ್ಮಲ್ಲಿ ದೊಡ್ಡ ಸಮ್ಮೇಳನ. ಆರಂಭದ ಉಪನ್ಯಾಸ ನನ್ನದು. ಏಣಿಗೆ ಹೊಸ ಬಣ್ಣ ಬಳಿದ ಹಾಗಾಗಲಿ ಎಂದು ಹೊಸ ದೂರದರ್ಶಕದಲ್ಲಿ ಗುಬ್ಬಿಯ ಕೈಲಿ ಮರಿಗಳನ್ನೆಲ್ಲ ಮತ್ತೊಮ್ಮೆ ಅಳೆಸಿದೆ. ಅವಳು ಏಣಿಯನ್ನೇ ಕಿತ್ತು ತಂದಿದ್ದಾಳೆ. ಎಲ್ಲ ಮರಿಗಳಿಗೂ ಹೆಚ್ಚು ಕಡಿಮೆ ಒಂದೇ ವಯಸ್ಸಂತೆ!

ನಾನೇನೂ ಕೂಗಾಡಲಿಲ್ಲ. ನನ್ನದು ಆ ಜಾಯಮಾನವಲ್ಲ. ಬಿಸ್ಕತ್ತಿನ ಡಬ್ಬಿ ಅವಳ ಮುಂದೆ ಸರಿಸಿ, ನಗುನಗುತ್ತಲೇ, "ಮತ್ತೊಂದ್ಸಲ ಅಳತೆ ಮಾಡು ಮಗೂ" ಅಂದೆ. ಆಕೆ ಡಬ್ಬಿ ಮುಟ್ಟದೆ ಹೋದಳು. ಗುಬ್ಬಿ ಬಿಸ್ಕತ್ತು ಬಿಟ್ಟು ಹೋದದ್ದನ್ನು ನಾನು ಕಂಡದ್ದು ಇದೇ ಮೊದಲು.

ಫೆಬ್ರವರಿ ೪, ಮಂಗಳವಾರ

ಮನೆಯವರ ಹತ್ತಿರ ಹೇಳಿಕೊಂಡೆ. ಇವರು ಶಾಲೆಯಲ್ಲಿ ಪೀಟಿ ಮೇಷ್ಟ್ರು. ಕತ್ತಿನಲ್ಲಿ ಸೀಟಿ ಹಾಗೇ ನೇತಾಡುತ್ತಿತ್ತು, ಒಗೆದ ಬಟ್ಟೆ ಮಡಚುತ್ತಿದ್ದರು.

"ನಾನು ಸೀಟಿ ಊದಿದ್ರೂ ನಮ್ಮ ಸ್ಕೂಲ್ ಮಕ್ಕಳು ವಯಸ್ಸಿನ ಪ್ರಕಾರ ಸಾಲಾಗಿ ನಿಲ್ಲಲ್ಲ. ನಿನ್ನ ನಕ್ಷತ್ರಗಳು ನಿಲ್ಲುತ್ವಾ?"

"ರೀ, ಇದು ತಮಾಷೆ ಅಲ್ಲ."

"ಸರಿ ಕಣೆ. ಆ ಹುಡುಗಿ ತಪ್ಪು ಮಾಡಿದಾಳೆ ಅಂತ ನಿಂಗೆ ಹೇಗೆ ಗೊತ್ತಾಯ್ತು?"

"ಫಲಿತಾಂಶವೇ ತಪ್ಪು ಬಂದಿದೆಯಲ್ಲ!"

ಇವರು ಒಂಟಿ ಕಾಲುಚೀಲ ಹಿಡಿದುಕೊಂಡು ಅದರ ಜೋಡಿ ಹುಡುಕುವುದರಲ್ಲಿ ಮುಳುಗಿಬಿಟ್ಟರು. ನನ್ನ ಉತ್ತರಕ್ಕೆ ಎದುರು ಮಾತಿರಲಿಲ್ಲ.

ಫೆಬ್ರವರಿ ೬, ಗುರುವಾರ

ಮತ್ತೆ ಬಂದಳು. ಮತ್ತೆ ಅದೇ. ಮೇಲಾಗಿ ಇವತ್ತು ನನಗೆ ಪಾಠ ಬೇರೆ!

ಎಳೆಯ ನಕ್ಷತ್ರ ಕೆಂಪಗೆ ಕಾಣುತ್ತದೆ. ಕೆಂಪು ಹೆಚ್ಚಿದಷ್ಟೂ ವಯಸ್ಸು ಕಡಿಮೆ ಎಂದು ನಾವು ಎಣಿಸುತ್ತ ಬಂದಿದ್ದೇವೆ. ಗುಬ್ಬಿ ಹೇಳುವುದು, ಆ ಕೆಂಪು ವಯಸ್ಸಿನದಲ್ಲ, ದೂಳಿನದು ಎಂದು.

"ದೂಳಿನ ಲೆಕ್ಕ ನಾನು ಕಳೆದಿದೀನಿ. ನೀನಿನ್ನೂ ಫ್ರಾಕು ಹಾಕ್ಕೊಂಡಿದ್ದಾಗ."

"ಕಳೆದಿದೀರ ಮೇಡಂ. ಆದ್ರೆ ಇಡೀ ಮೋಡಕ್ಕೆ ಒಂದೇ ಲೆಕ್ಕ. ದೊಡ್ಡಮ್ಮನ ಅಕ್ಕಪಕ್ಕ ದೂಳೇ ಉಳಿದಿಲ್ಲ, ಅವಳ ಬೆಳಕು ಅದನ್ನ ಗುಡಿಸಿ ಹಾಕಿದೆ. ಅಲ್ಲಿರೋ ಮರಿಗಳು ಸ್ವಚ್ಛವಾಗಿ ಕಾಣ್ತವೆ, ನಾವು ಹಿರಿಯವು ಅಂತೀವಿ. ದೂರದವು ಇನ್ನೂ ದೂಳಲ್ಲಿ ಹೂತಿವೆ, ಕೆಂಪಗಿವೆ, ಕಿರಿಯವು ಅಂತೀವಿ. ಬಣ್ಣ ಬಿಟ್ಟು, ಬೆಳಕನ್ನ ಬಿಡಿಸಿ ರೋಹಿತ ನೋಡಿದೆ ಮೇಡಂ. ವಯಸ್ಸಾದ ಹಾಗೆ ಮೈ ಎಷ್ಟು ಕುಗ್ಗಿದೆ ಅಂತ ಅದರ ಕಪ್ಪು ಗೀರುಗಳ ಅಗಲ ಹೇಳುತ್ತಲ್ಲ, ಅದು ಎಲ್ಲದಕ್ಕೂ ಒಂದೇ ಬರ್ತಿದೆ."

ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಹೀಗೆಲ್ಲ ನನ್ನ ಮುಂದೆ ನಿಂತು ಮಾತಾಡಲು ಇವಳಿಗೆ ಯಾರು ಕಲಿಸಿದರು? ಕಲಿಸಿದ್ದು ನಾನೇ ಇರಬೇಕು.

"ಇನ್ನೊಂದು ವಿಷಯ ಇದೆ ಮೇಡಂ. ಹತ್ತಿರದ ಮರಿಗಳದ್ದು. ಅವುಗಳ ಸುತ್ತ ಇರೋ ಅನಿಲದ ತಟ್ಟೆ..."

"ಅದು ಆಮೇಲೆ. ಮೊದಲು ಮತ್ತೊಂದ್ಸಲ ಅಳತೆ ಮಾಡು."

ಡಬ್ಬಿ ತೆರೆದೇ ಇಟ್ಟಿದ್ದೆ. ನೋಡಿದಳು, ತೆಗೆದುಕೊಳ್ಳಲಿಲ್ಲ.

ಫೆಬ್ರವರಿ ೧೦, ಸೋಮವಾರ

ಲಿಫ್ಟು ಎರಡನೆಯ ಮಹಡಿಯಲ್ಲಿ ಕೆಟ್ಟು ನಿಂತಿತು. ಬಾಗಿಲು ಅರ್ಧ ತೆರೆದುಕೊಂಡಿದ್ದರಿಂದ ಹೊರಗಿನ ಮಾತು ಕಿವಿಗೆ ಬಿತ್ತು. ಹೊಸ ವಿದ್ಯಾರ್ಥಿಗಳಿಬ್ಬರು. "ದೊಡ್ಡಮ್ಮನ ತೀರಾ ಹತ್ರ ಹೋಗ್ಬೇಡ ಕಣೇ, ಬೆಳೆಯೋದಿಲ್ಲ" ಎಂದು ಒಬ್ಬಳು ಇನ್ನೊಬ್ಬಳಿಗೆ ಹೇಳುತ್ತಿದ್ದಳು. ಬಿಡುವಿನ ವೇಳೆಯಲ್ಲೂ ನಕ್ಷತ್ರದ ವಿಷಯವೇ ಮಾತಾಡುತ್ತಾರಲ್ಲ ಎಂದು ಮನಸ್ಸಿಗೆ ಹಿತವಾಯಿತು. ಆದರೆ ಆ ಬೆಳೆಯುವುದಿಲ್ಲ ಎನ್ನುವ ಮಾತು ಎಲ್ಲಿಂದ ಬಂತು? ಗುಬ್ಬಿ ಊರೆಲ್ಲ ಡಂಗುರ ಹೊಡೆದಿದ್ದಾಳೋ ಏನೋ.

ಫೆಬ್ರವರಿ ೧೪, ಶುಕ್ರವಾರ

ಏಣಿ ಬಂತು!

ಗುಬ್ಬಿಯ ಮೂರನೆಯ ಅಳತೆ. ಹಳದಿ, ಕಿತ್ತಳೆ, ಕೆಂಪು, ಸಾಲಾಗಿ, ನಾನು ಇಪ್ಪತ್ತು ವರ್ಷದ ಹಿಂದೆ ಕಂಡ ಹಾಗೇ. ತೆರೆಯನ್ನು ನೋಡಿ ನನಗೆ ಅಳುವೇ ಬಂತು. "ನೋಡಿದ್ಯಾ, ನಾನು ಹೇಳ್ಲಿಲ್ವಾ?" ಎಂದು ಅವಳ ಬೆನ್ನು ತಟ್ಟಿದೆ. "ನೀವು ಹೇಳಿದ ಹಾಗೇ ಬಂತು ಮೇಡಂ" ಅಂದಳು. ಪಾಪ, ದಣಿದಿದ್ದಳು, ದನಿಯಲ್ಲಿ ಜೀವವಿರಲಿಲ್ಲ.

ಹೊರಡುವಾಗ ಬಾಗಿಲಲ್ಲಿ ನಿಂತು, ಹವಾಮಾನ ಕಚೇರಿಯಲ್ಲಿ ಕೆಲಸ ಸಿಕ್ಕಿದೆ, ತಿಂಗಳ ಕೊನೆಗೆ ಇಲ್ಲಿ ಬಿಡುತ್ತೇನೆ ಎಂದಳು. ನನಗೆ ನೆಲ ಕುಸಿದಂತಾಯಿತು.

"ಬೇರೆ ಸಂಸ್ಥೆಗಾ?"

"ಇಲ್ಲ ಮೇಡಂ. ನಕ್ಷತ್ರದ ಸಹವಾಸ ಸಾಕು ಅನ್ನಿಸಿದೆ."

ಇಷ್ಟು ಒಳ್ಳೆಯ ಫಲಿತಾಂಶ ಬಂದ ದಿನವೇ! ಈ ಕಾಲದ ಮಕ್ಕಳ ಮನಸ್ಸು ನನಗೆ ತಿಳಿಯುವುದೇ ಇಲ್ಲ.

ಫೆಬ್ರವರಿ ೧೬, ಭಾನುವಾರ

ಬರೆಯಲೋ ಬೇಡವೋ ಎಂದು ಮಧ್ಯಾಹ್ನದಿಂದ ಮೇಜಿನ ಸುತ್ತ ಸುತ್ತುತ್ತಿದ್ದೇನೆ.

ಉಪನ್ಯಾಸಕ್ಕೆ ಹಳೆಯ ಶಿಷ್ಯರನ್ನು ಕರೆಯೋಣ ಎಂದುಕೊಂಡು ಮೊದಲು ಕನ್ನಡಕನಿಗೆ ಫೋನ್ ಮಾಡಿದೆ. ದಪ್ಪ ಗಾಜಿನ ಕನ್ನಡಕ ಹಾಕುತ್ತಿದ್ದ ಹುಡುಗ, ಹನ್ನೊಂದು ವರ್ಷದ ಹಿಂದೆ ಇದೇ ಏಣಿಯ ಮೇಲೆ ಕೆಲಸ ಮಾಡಿದವನು. ನನ್ನ ಶಿಷ್ಯರಲ್ಲೇ ಚುರುಕಾದವನು. ಈಗ ಊರಿನ ನೀರಿನ ಕೊಳವೆ ಎಲ್ಲಿ ಸೋರುತ್ತದೆಂದು ಪತ್ತೆ ಹಚ್ಚುವ ಕಚೇರಿಯಲ್ಲಿದ್ದಾನೆ. ಹೊಸ ಅಳತೆಯಲ್ಲೂ ಏಣಿ ಬಂದಿದೆ, ಬಾರೋ ಎಂದೆ.

"ಸಂತೋಷ ಮೇಡಂ. ಎಷ್ಟನೇ ಸಲಕ್ಕೆ ಬಂತು?"

"ಏನು?"

"ಏಣಿ. ಎಷ್ಟನೇ ಸಲ ಅಳೆದಾಗ ಬಂತು?"

"ಮೂರನೇ ಸಲಕ್ಕೆ."

ಅವನು ನಕ್ಕ. ವ್ಯಂಗ್ಯದ ನಗೆಯಲ್ಲ, ಹಳೆಯ ಗೆಳೆಯನ ಸುದ್ದಿ ಕೇಳಿದವನ ನಗೆ. "ಜಾಣ ಹುಡುಗಿ. ನಂಗೆ ನಾಲ್ಕು ಸಲ ಬೇಕಾಯ್ತು."

"ಏನು ಹಾಗಂದ್ರೆ?"

"ನಂಗೂ ಮೊದಲ್ನೇ ಸಲ ಏಣಿ ಬರ್ಲಿಲ್ಲ ಮೇಡಂ. ಎರಡನೇ ಸಲಾನೂ ಇಲ್ಲ, ಮೂರನೇ ಸಲಾನೂ ಇಲ್ಲ. ಪ್ರತಿ ಸಲ ನೀವು ಬಿಸ್ಕತ್ತು ಕೊಟ್ಟು, ಮತ್ತೊಂದ್ಸಲ ಅಳತೆ ಮಾಡು ಅಂದ್ರಿ. ನಾಲ್ಕನೇ ಸಲ ನೀವು ಹಾಕಿದ ದೂಳಿನ ಲೆಕ್ಕವನ್ನೇ ಇದ್ದ ಹಾಗೇ ಹಾಕಿದೆ. ಬಂತು. ಅವತ್ತು ನೀವು ನನ್ನ ಬೆನ್ನು ತಟ್ಟಿದ್ರಿ."

"ಅಯ್ಯೋ, ನಂಗೆ ಯಾಕೋ ಹೇಳ್ಲಿಲ್ಲ ನೀನು?"

"ಹೇಳಿದ್ನಲ್ಲ ಮೇಡಂ. ಮೂರು ಸಲ."

ಅವನೇ ಮುಂದುವರಿಸಿದ. "ಬೇಜಾರು ಮಾಡ್ಕೋಬೇಡಿ. ಒಂದೇ ಒಂದು ಮಾತು ಕೇಳ್ತೀನಿ. ಏಣಿ ಬಂದಾಗ ಯಾರಿಗಾದ್ರೂ, ಯಾವತ್ತಾದ್ರೂ, ಮತ್ತೊಂದ್ಸಲ ಅಳತೆ ಮಾಡು ಅಂದಿದೀರಾ?"

ಆಮೇಲೆ ಅವನು ಮನೆಯವರ ಆರೋಗ್ಯ ವಿಚಾರಿಸಿದ, ಮಗಳು ಹೇಗಿದ್ದಾಳೆ ಎಂದ. ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ಫೋನ್ ಇಟ್ಟ ಮೇಲೂ ಅದೇ ಜಾಗದಲ್ಲಿ ನಿಂತಿದ್ದೆ. ಒಲೆಯ ಮೇಲೆ ಹಾಲು ಉಕ್ಕಿ ಹರಿಯಿತು, ಇವರು ಬಂದು ಒಲೆ ಆರಿಸಿದರು.

ಫೆಬ್ರವರಿ ೧೭, ಸೋಮವಾರ

ಅವನು ಸುಳ್ಳು ಹೇಳುತ್ತಿದ್ದಾನೆ. ಕೊಳವೆ ಹುಡುಕುವ ಕೆಲಸಕ್ಕೆ ಹೋದದ್ದಕ್ಕೆ ನನ್ನ ಮೇಲೆ ಹೊಟ್ಟೆಯುರಿ.

ಇದನ್ನು ಬರೆದು ಓದಿ ನೋಡಿದೆ. ನನಗೇ ನಂಬಿಕೆ ಬರಲಿಲ್ಲ.

ನನ್ನ ಕೋಣೆಯ ಗೋಡೆಗೆ ಶಿಷ್ಯರ ಫೋಟೋಗಳಿವೆ, ಪದವಿ ಪಡೆದ ದಿನ ನನ್ನ ಪಕ್ಕ ನಿಂತವು. ಇವತ್ತು ಒಂದೊಂದನ್ನೇ ನೋಡಿದೆ. ಇವರನ್ನೆಲ್ಲ ಬೆಳೆಸಿದವಳು ನಾನು ಎಂದು ಬಂದವರಿಗೆಲ್ಲ ತೋರಿಸುತ್ತ ಬಂದಿದ್ದೇನೆ. ಒಬ್ಬ ಕೊಳವೆ ಕಚೇರಿ. ಒಬ್ಬಳು ಟೈಪಿಂಗ್ ಕಲಿಸುತ್ತಾಳೆ. ಒಬ್ಬ ಏನು ಮಾಡುತ್ತಾನೋ ಗೊತ್ತಿಲ್ಲ. ಇನ್ನೂ ನಕ್ಷತ್ರದ ಕೆಲಸದಲ್ಲಿರುವವರು ಇಬ್ಬರು. ಇಬ್ಬರೂ ಏಣಿಯನ್ನೇ ಪಾಠ ಹೇಳುತ್ತಿದ್ದಾರೆ.

ರಾತ್ರಿ ಊಟಕ್ಕೆ ಕೂತಾಗ ಇವರಿಗೆ ಕೇಳಿದೆ, "ರೀ, ನಾನು ಬೈಯೋಳಾ?"

"ಛೇ, ನೀನೆಲ್ಲಿ ಬೈತೀಯ."

"ಮತ್ತೆ?"

ಇವರು ತಟ್ಟೆಯಲ್ಲಿ ಬೆರಳಾಡಿಸಿದರು. "ಮಗಳು ಚಿತ್ರ ಬರೀತಿದ್ಲಲ್ಲ. ಬರೆದದ್ದನ್ನ ನಂಗೆ ತೋರಿಸಿ ಮಡಚಿಡೋಳು. ಅಮ್ಮಂಗೂ ತೋರ್ಸೆ ಅಂದ್ರೆ, ಬೇಡ ಅಪ್ಪಾ, 'ಚೆನ್ನಾಗಿದೆ, ಇನ್ನೊಂದ್ಸಲ ಬರಿ' ಅಂತಾಳೆ ಅನ್ನೋಳು."

ಅವಳು ಬಣ್ಣಗಳಿಂದ ಬೇಸತ್ತು ಬಿಟ್ಟಳೆಂದು ನಾನು ತಿಳಿದಿದ್ದೆ. ಇಷ್ಟು ವರ್ಷ ಹಾಗೇ ತಿಳಿದಿದ್ದೆ.

ಫೆಬ್ರವರಿ ೧೮, ಮಂಗಳವಾರ

ನಾನೇ ಅಳೆಯುತ್ತೇನೆ.

ಫೆಬ್ರವರಿ ೧೯, ಬುಧವಾರ

ಅಳೆಯುತ್ತೇನೆ ಎಂದರೆ ಆಯಿತೇ? ನಾನು ಕೈಯಾರೆ ಅಳತೆ ಮಾಡಿ ಯಾವ ಕಾಲವಾಯಿತೋ. ಗಣಕಯಂತ್ರದ ಕೋಣೆಗೆ ಹೋದರೆ ನನ್ನ ಪಾಸ್‌ವರ್ಡೇ ಸತ್ತುಹೋಗಿತ್ತು. ಉಸ್ತುವಾರಿಯವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನೀವೇ ಕೂರ್ತೀರಾ ಮೇಡಂ?" ಎಂದು ಕೇಳಿದರು. ಹೌದಪ್ಪಾ, ನಾನೇ ಕೂರುತ್ತೇನೆ, ನನಗೇನು ಕೈ ಇಲ್ಲವೇ? ಹೊಸ ತಂತ್ರಾಂಶದಲ್ಲಿ ನನಗೆ ತಲೆಬುಡ ತಿಳಿಯಲಿಲ್ಲ. ಮೊದಲ ವರ್ಷದ ಹುಡುಗಿಯೊಬ್ಬಳು ಪಕ್ಕದಲ್ಲಿ ಕೂತು ತೋರಿಸಿಕೊಟ್ಟಳು. ಮೊದಮೊದಲು ಹೆದರಿ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ನಾನು ಎರಡು ಸಲ ತಪ್ಪು ಗುಂಡಿ ಒತ್ತಿ ಎಲ್ಲವನ್ನೂ ಅಳಿಸಿಹಾಕಿದ ಮೇಲೆ ಸಲೀಸಾಗಿ ಒರಗಿ ಕೂತಳು.

ಕಣ್ಣು ಉರಿಯುತ್ತಿದೆ. ಇನ್ನೂ ಅರ್ಧ ಮರಿಗಳು ಬಾಕಿ.

ಫೆಬ್ರವರಿ ೨೦, ಗುರುವಾರ

ಏಣಿ ಇಲ್ಲ.

ಫೆಬ್ರವರಿ ೨೧, ಶುಕ್ರವಾರ

ನಿನ್ನೆ ಇನ್ನೊಂದು ಮಾತೂ ಬರೆಯಲು ಆಗಲಿಲ್ಲ. ಇವತ್ತು ಬರೆಯುತ್ತೇನೆ.

ಒಂದೊಂದು ಮರಿಗೂ ಅದರದೇ ದೂಳಿನ ಲೆಕ್ಕ ಹಾಕಿದೆ. ಗೀರುಗಳ ಅಗಲ ನೋಡಿದೆ. ಎಲ್ಲವೂ ಓರಗೆಯವು. ದೊಡ್ಡಮ್ಮನ ಬೆಳಕು ಬಂದು ತಾಗುವ ಮೊದಲೇ ಅವು ಅಲ್ಲಿದ್ದವು. ಅವಳು ಯಾರನ್ನೂ ಹುಟ್ಟಿಸಿಲ್ಲ. ಅವುಗಳ ಮೇಲಿದ್ದ ಹೊದಿಕೆಯನ್ನು ಎಳೆದು ಹಾಕಿದಳು, ನಾನು ಅದನ್ನು ನೋಡಿ ಹೆರಿಗೆ ಎಂದೆ. ಇಪ್ಪತ್ತು ವರ್ಷ ಹೆರಿಗೆ ಎಂದೆ. ಪುಸ್ತಕಗಳಲ್ಲಿ ಬರೆಸಿದೆ. ಗೋಡೆಗೆ ಹಾಕಿಸಿದೆ. ದೇವರೇ!

ಅಷ್ಟಕ್ಕೇ ನಿಂತಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಗುಬ್ಬಿ ಅವತ್ತು ಹೇಳಲು ಬಾಯಿ ತೆರೆದಾಗ ನಾನು ಆಮೇಲೆ ಎಂದೆನಲ್ಲ, ಆ ತಟ್ಟೆಗಳ ವಿಷಯವನ್ನೂ ನೋಡಿದೆ. ಎಳೆಯ ನಕ್ಷತ್ರದ ಸುತ್ತ ಅನಿಲದ ತಟ್ಟೆಯೊಂದು ತಿರುಗುತ್ತಿರುತ್ತದೆ. ಅದು ಬೆಳೆಯುವುದು ಆ ತಟ್ಟೆಯಲ್ಲಿರುವುದನ್ನು ತಿಂದು. ದೂರದ ಮರಿಗಳಿಗೆಲ್ಲ ದಪ್ಪ ದಪ್ಪ ತಟ್ಟೆಗಳಿವೆ. ದೊಡ್ಡಮ್ಮನ ಹತ್ತಿರದವಕ್ಕೆ ಅಂಚು ಸವೆದ ಚೂರುಪಾರು, ಕೆಲವಕ್ಕೆ ಅದೂ ಇಲ್ಲ. ಅವಳ ಬೆಳಕು ತಟ್ಟೆಯ ಅನಿಲವನ್ನು ಆವಿ ಮಾಡಿ ಊದಿಬಿಟ್ಟಿದೆ. ಅವು ಇನ್ನು ಬೆಳೆಯುವುದಿಲ್ಲ, ಇದ್ದಷ್ಟಕ್ಕೇ ನಿಂತವು. ನಾನು ಇವನ್ನೇ ಹಿರಿಯ ಮಕ್ಕಳು, ತುಂಬ ಬೆಳೆದವು ಎಂದು ಹಳದಿ ಬಣ್ಣ ಹಚ್ಚಿ ಮುಂದೆ ನಿಲ್ಲಿಸಿದ್ದೆ.

ಅವಳಿಗೆ ಗೊತ್ತೇ ಇಲ್ಲವಲ್ಲ, ದೊಡ್ಡಮ್ಮನಿಗೆ. ಅವಳು ಉರಿಯುತ್ತಿದ್ದಾಳೆ, ಅಷ್ಟೇ. ಕೆಟ್ಟವಳೇನಲ್ಲ. ನಕ್ಷತ್ರಕ್ಕೆ ಯಾಕೆ ಇಷ್ಟು ಮರುಗುತ್ತಿದ್ದೇನೋ, ದಣಿವಿರಬೇಕು. ನಾಳೆ ಗುಬ್ಬಿಯ ಮನೆಗೆ ಹೋಗಬೇಕು.

ಫೆಬ್ರವರಿ ೨೨, ಶನಿವಾರ

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂಟಿ ಕೋಣೆ. ಕಿರಿದಾದ ಮೆಟ್ಟಿಲು, ಗ್ರೀಸಿನ ವಾಸನೆ. ನಾಲ್ಕು ವರ್ಷದಿಂದ ನನ್ನ ಶಿಷ್ಯೆ, ಅವಳು ಎಲ್ಲಿರುತ್ತಾಳೆಂದು ನಾನು ನೋಡಿದ್ದು ಇವತ್ತು. ಬಾಗಿಲು ತೆರೆದವಳು ನನ್ನನ್ನು ಕಂಡು ಬಿಳಿಚಿಕೊಂಡಳು. ಒಳಗೆ ರಟ್ಟಿನ ಪೆಟ್ಟಿಗೆಗಳು, ಪುಸ್ತಕಗಳನ್ನೆಲ್ಲ ತುಂಬಿ ದಾರ ಕಟ್ಟಾಗಿತ್ತು.

"ಮೇಡಂ, ಮೂರನೇ ಅಳತೇಲಿ ಏನಾದ್ರೂ..."

"ಮೂರನೇದು ತಪ್ಪು ಕಣೆ. ಮೊದಲ್ನೇದೇ ಸರಿ. ನಾನೇ ಅಳೆದು ನೋಡಿದೆ."

ಅವಳು ಹಾಸಿಗೆಯ ಅಂಚಿನಲ್ಲಿ ಕೂತುಬಿಟ್ಟಳು. ಕೆಳಗಡೆ ಯಾರೋ ಚಕ್ರ ತಿರುಗಿಸಿ ಗಂಟೆ ಹೊಡೆಯುತ್ತಿದ್ದರು.

ನಾನು ಸಂಭ್ರಮದಿಂದಲೇ ಹೇಳಿದೆ, ಇಪ್ಪತ್ತೇಳರ ಉಪನ್ಯಾಸ ನೀನೇ ಮಾಡು, ನಾನು ಮುಂದಿನ ಸಾಲಿನಲ್ಲಿ ಕೂರುತ್ತೇನೆ ಎಂದು. ಕುಣಿದಾಡುತ್ತಾಳೆ ಎಂದುಕೊಂಡಿದ್ದೆ. ಅವಳು ತಲೆ ಎತ್ತಿ ನೋಡಿದ ನೋಟಕ್ಕೆ ನಾನು ಒಂದು ಹೆಜ್ಜೆ ಹಿಂದೆ ಸರಿದೆ.

"ಬೇಡ ಮೇಡಂ. ಈಗಲೂ ನೀವೇ ನನ್ನ ತಳ್ತಿದೀರ. ಆವಾಗ ಹಿಂದಕ್ಕೆ, ಈಗ ಮುಂದಕ್ಕೆ. ನಾನು ಹೋಗಿ ನಿಂತ್ರೆ ಎಲ್ಲರೂ ನಿಮ್ಮ ಏಣಿ ಹಿಡ್ಕೊಂಡು ನನ್ನ ಹೊಡೀತಾರೆ. ಪಾಪ ಮೇಡಂ ಎಷ್ಟು ದೊಡ್ಡ ಮನಸ್ಸು ಅಂತ ನಿಮಗೆ ಚಪ್ಪಾಳೆ ತಟ್ತಾರೆ."

ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಇದು ಹೊಳೆದೇ ಇರಲಿಲ್ಲ.

"ಮತ್ತೆ ಏನು ಮಾಡ್ಲಿ ಹೇಳು."

"ನೀವೇ ನಿಂತು, 'ಅವಳ ಅಳತೆ ಸರಿ, ನನ್ನ ಏಣಿ ತಪ್ಪು' ಅಂತ ಹೇಳಿ. ಅಷ್ಟು ಸಾಕು. ಉಳಿದಿದ್ದು ನಾನು ನೋಡ್ಕೋತೀನಿ."

"ಹೇಳಿದ್ರೆ ಪೆಟ್ಟಿಗೆ ಬಿಚ್ತೀಯಾ?"

"ಗೊತ್ತಿಲ್ಲ ಮೇಡಂ."

ಗೊತ್ತಿಲ್ಲವಂತೆ. ಇಳಿಯುವಾಗ ಮೆಟ್ಟಿಲಲ್ಲಿ ಕಾಲು ತಪ್ಪಿ, ಗೋಡೆ ಹಿಡಿದುಕೊಂಡೆ.

ಫೆಬ್ರವರಿ ೨೫, ಮಂಗಳವಾರ

ಸಂಸ್ಥೆಯ ನಿರ್ದೇಶಕರು ಕರೆಸಿದ್ದರು. ಕನಿಕರದ ದನಿಯಲ್ಲಿ, ಹೇಳಲೇಬೇಕೇ, ಈ ಸಮ್ಮೇಳನದಲ್ಲೇ ಹೇಳಬೇಕೇ, ಮುಂದಿನ ವರ್ಷ ಒಂದು ಚಿಕ್ಕ ಟಿಪ್ಪಣಿ ಬರೆದರೆ ಸಾಲದೇ ಎಂದರು. ಗೋಡೆಯ ಚಿತ್ರ ಬೇರೆ ಇದೆಯಲ್ಲ ಎಂದರು. "ಗೋಡೆಗೆ ಸುಣ್ಣ ಹೊಡೆಸಿ ಸಾರ್" ಎಂದು ಬಂದೆ. ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಅವರು ಹೇಳಿದ ಮಾತು ಸರಿ ಎಂದು ಕೂಡ ಅನ್ನಿಸಿತು, ಒಂದು ಗಳಿಗೆ. ಸುಳ್ಳು ಯಾಕೆ ಬರೆಯಲಿ, ಒಂದು ಗಳಿಗೆಗಿಂತ ಹೆಚ್ಚೇ.

ಫೆಬ್ರವರಿ ೨೭, ಗುರುವಾರ

ಹೇಳಿದೆ.

ಫೆಬ್ರವರಿ ೨೮, ಶುಕ್ರವಾರ

ಸಭಾಂಗಣ ಕಿಕ್ಕಿರಿದಿತ್ತು. ಏಣಿಯ ಚಿತ್ರ ತೆರೆಯ ಮೇಲೆ ಬಂದಾಗ ಹಿಂದಿನ ಸಾಲಿನಿಂದ ಚಪ್ಪಾಳೆ. ಚಪ್ಪಾಳೆ ಮುಗಿಯಲೆಂದು ಕಾಯ್ದು, "ಇದು ತಪ್ಪು" ಎಂದೆ. ಗುಬ್ಬಿಯ ಹೆಸರು ಹೇಳಿದೆ, ಅವಳ ನಿಜವಾದ ಹೆಸರು, ಪೂರ್ತಿಯಾಗಿ. ಅವಳ ಅಳತೆ ಮೊದಲ ಸಲವೇ ಸರಿಯಿತ್ತು, ನಾನು ಮತ್ತೆ ಮತ್ತೆ ಅಳೆಸಿದೆ ಎಂದೆ. ಹನ್ನೊಂದು ವರ್ಷದ ಹಿಂದೆ ಇದನ್ನೇ ಕಂಡವನು ಇನ್ನೊಬ್ಬನಿದ್ದ ಎಂದೂ ಹೇಳಿದೆ. ಕನ್ನಡಕ ಕೊನೆಯ ಸಾಲಿನಲ್ಲಿ ಕೂತು ಕನ್ನಡಕ ತೆಗೆದು ಒರೆಸುತ್ತಿದ್ದ.

ಆಮೇಲೆ ಬಿಳಿಗಡ್ಡದ ಹಿರಿಯರೊಬ್ಬರು ಎದ್ದು, ಇದೆಲ್ಲ ಸರಿ, ಆದರೆ ಹತ್ತಿರದ ಮರಿಗಳ ತಟ್ಟೆಗಳು ಮೊದಲಿನಿಂದಲೇ ಸಣ್ಣವಿದ್ದಿರಬಾರದೇಕೆ, ದೊಡ್ಡಮ್ಮನ ಮೇಲೆ ಯಾಕೆ ಆರೋಪ ಎಂದು ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ನಿಜವಾಗಿಯೂ ಗೊತ್ತಿರಲಿಲ್ಲ! ಅಷ್ಟು ಜನರ ಮುಂದೆ "ಗೊತ್ತಿಲ್ಲ" ಎಂದೆ. ಆಗ ಗುಬ್ಬಿ ಎದ್ದಳು, ಯಾರೂ ಕರೆಯದೆ. ತಟ್ಟೆಗಳಿಂದ ಆವಿ ಬಾಲದ ಹಾಗೆ ಹಿಂದಕ್ಕೆ ಹಾರುತ್ತಿರುವುದನ್ನು ತೋರಿಸಿದಳು, ಎಲ್ಲ ಬಾಲಗಳೂ ದೊಡ್ಡಮ್ಮನಿಗೆ ಬೆನ್ನು ಹಾಕಿದ್ದವು. ಹಿರಿಯರು ತಲೆದೂಗಿ ಕೂತರು. ಆಮೇಲೆ ಪ್ರಶ್ನೆಗಳೆಲ್ಲ ಅವಳಿಗೇ ಹೋದವು, ನಾನು ವೇದಿಕೆಯ ಮೇಲೆ ಸುಮ್ಮನೆ ನಿಂತಿದ್ದೆ, ಇಳಿಯಬೇಕೆಂದೂ ತೋಚಲಿಲ್ಲ.

ಆಶ್ಚರ್ಯವೆಂದರೆ ಮನೆಗೆ ಬಂದಾಗ ಹಸಿವಾಗಿತ್ತು. "ಡಾಕ್ಟ್ರಮ್ಮಾ, ಔಟಾಗಿ ಬಂದೋರು ಇಷ್ಟು ತಿನ್ನೋದನ್ನ ನಾನು ಮೈದಾನದಲ್ಲಿ ನೋಡೇ ಇಲ್ಲ" ಎಂದು ಇವರು ಇನ್ನೊಂದು ಸೌಟು ಬಡಿಸಿದರು. ನಕ್ಕೆ, ನಕ್ಕದ್ದು ಅಳುವಾಯಿತು. ಇವರು ಸೌಟು ಹಿಡಿದುಕೊಂಡೇ ಪಕ್ಕದಲ್ಲಿ ನಿಂತಿದ್ದರು.

ಮಾರ್ಚ್ ೪, ಮಂಗಳವಾರ

ಗೋಡೆಯ ಚಿತ್ರ ತೆಗೆದರು. ಅದರ ಹಿಂದೆ ಬಣ್ಣ ಮಾಸದ ಬಿಳಿ ಚೌಕವೊಂದು ಉಳಿದಿದೆ. ದಿನಾ ಅದರ ಮುಂದೆ ಹಾದು ಹೋಗುವುದು ಹಿಂಸೆ.

ಗುಬ್ಬಿ ಕೆಲಸಕ್ಕೆ ಬರುತ್ತಿದ್ದಾಳೆ. ಹವಾಮಾನ ಕಚೇರಿಯ ಮಾತು ಅವಳೂ ಎತ್ತಿಲ್ಲ, ನಾನೂ ಕೇಳಿಲ್ಲ. ಲಿಫ್ಟಿನ ಬಳಿಯ ಆ ಹುಡುಗಿಯರು ದೊಡ್ಡಮ್ಮ ಎನ್ನುತ್ತಿದ್ದದ್ದು ನನ್ನನ್ನಂತೆ, ಕನ್ನಡಕ ಫೋನಿನಲ್ಲಿ ಹೇಳಿದ. ಅವನ ಕಾಲದಿಂದಲೂ ಹಾಗೇ ಕರೆಯುವುದಂತೆ! ನನಗೇನು ಅಷ್ಟು ವಯಸ್ಸಾಗಿದೆಯೇ?

ಮಾರ್ಚ್ ೯, ಭಾನುವಾರ

ಮಗಳು ಫೋನ್ ಮಾಡಿದ್ದಳು. ಮಧ್ಯಾಹ್ನ ಹಿಡಿದ ಫೋನು ದೀಪ ಹಾಕುವ ಹೊತ್ತಿಗೂ ಇಟ್ಟಿರಲಿಲ್ಲ. ಅವಳ ಮಾತು ಕೇಳುತ್ತ ಕೇಳುತ್ತ ನನ್ನ ವಿಷಯ ಹೇಳುವುದೇ ಮರೆತೆ.

ಮಾರ್ಚ್ ೧೯, ಬುಧವಾರ

ಗುಬ್ಬಿಗೆ ಇವತ್ತು ಏನಾಯಿತೋ ಏನೋ.

ಮೆಟ್ಟಿಲ ಮೇಲೆ ಕುಪ್ಪಳಿಸುವ ಸದ್ದು ಕೇಳಿಸಿತು. ಬಾಗಿಲು ತಟ್ಟದೆ ಒಳಗೆ ನುಗ್ಗಿದಳು, ಏದುಸಿರು. "ಮೇಡಂ, ಮೇಡಂ, ಒಂದು ಮೆಟ್ಟಿಲು ಇದೆ! ಮೋಡದ ಅಂಚಲ್ಲಿ ಅನಿಲ ಕಂಬದ ಹಾಗೆ ಚಾಚಿದೆಯಲ್ಲ, ಅದರ ತುತ್ತ ತುದೀಲಿ ಒಂದು ಮರಿ. ಅದೊಂದು ನಿಜವಾಗ್ಲೂ ಕಿರಿಯದು. ದೊಡ್ಡಮ್ಮ ಒತ್ತಿದ ಮೇಲೇ ಹುಟ್ಟಿದ್ದು! ನಿಮ್ಮ ಏಣಿ ಪೂರ್ತಿ ಸುಳ್ಳಲ್ಲ ಮೇಡಂ, ಒಂದು ಮೆಟ್ಟಿಲು ಉಳಿದಿದೆ!"

ಅವಳ ಕಣ್ಣು ಹೊಳೆಯುತ್ತಿತ್ತು. ಒಂದೇ ಒಂದಾದರೂ ಇದೆಯೇ? ಲ್ಯಾಪ್‌ಟಾಪ್ ತಿರುಗಿಸಿ ನೋಡಿದೆ. ಕಡುಗೆಂಪು ಚುಕ್ಕೆ, ಒಂಟಿಯಾಗಿ ಕೂತಿತ್ತು. ಎಷ್ಟು ಚಂದ ಕಾಣುತ್ತಿತ್ತೆಂದರೆ, ಬೆರಳಿನಿಂದ ಮುಟ್ಟಿದೆ. ಆಮೇಲೆ ಬಿಸ್ಕತ್ತಿನ ಡಬ್ಬಿ ಅವಳ ಕಡೆಗೆ ಸರಿಸಿ ಹೇಳಿದೆ, "ಮತ್ತೊಂದ್ಸಲ ಅಳತೆ ಮಾಡು ಮಗೂ."

ಅವಳು ಹಾಗೇ ನಿಂತುಬಿಟ್ಟಳು. ಸಿಡಿಲು ಬಡಿದವಳ ಹಾಗೆ. ಕೋಪ ಬಂತೇನೋ ಎಂದು ನೋಡಿದರೆ ಕಣ್ಣಲ್ಲಿ ನೀರು. "ಇದನ್ನೂನಾ ಮೇಡಂ?" ಎಂದಳು.

"ಇದನ್ನೇ ಮೊದಲು. ದೂಳಿನ ಲೆಕ್ಕ ಒಂದ್ಸಲ ನೋಡು, ನಂಗೆ ಬೇಕಾದ ಹಾಗೆ ಬಂದಿದೆ."

ಅವಳು ಕುರ್ಚಿ ಎಳೆದುಕೊಂಡು ಕೂತಳು, ಮೂಗು ಒರೆಸಿಕೊಂಡಳು, ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಒಂದೊಂದೇ ತಿನ್ನತೊಡಗಿದಳು. ನಾನು ಅಂಥದ್ದೇನು ಹೇಳಿದೆನೋ ನನಗಂತೂ ತಿಳಿಯಲಿಲ್ಲ. ಡಬ್ಬಿಯಲ್ಲಿ ಒಂದು ಚೂರೂ ಉಳಿಸಿಲ್ಲ, ನಾಳೆ ಬರುವಾಗ ಬಿಸ್ಕತ್ತು ತರಬೇಕು.